ಪಿಸ್ಟನ್ನಿಗೆ ಮಾರ್ಕು ಹಾಕಿದ ಮೇಡಂ

ಕಾರಿನ ಎಂಜಿನ್ ಆಯಿಲ್‌ಗೆ ಬೆರೆಸುವ ಅಡಿಟಿವ್ ತಯಾರಿಸುವುದು ನನ್ನ ಕಸುಬು ಅಂತ ಗೊತ್ತಾದರೆ ಸಾಕು, ಮದುವೆ ಮನೆಯ ಪಂಕ್ತಿಯಲ್ಲಿ ಕೂತವರೂ ನನ್ನನ್ನು ಬಿಡುವುದಿಲ್ಲ. ಕೋಸಂಬರಿ ಬಡಿಸಿ ಮುಗಿಯುವಷ್ಟರಲ್ಲಿ ಪಕ್ಕದ ಎಲೆಯವರು ಶುರು ಹಚ್ಚಿಕೊಳ್ಳುತ್ತಾರೆ. “ಸಾರ್, ನನ್ ಗಾಡಿ ಯಾಕೋ ಸೌಂಡ್ ಮಾಡ್ತಿದೆ. ಅಂಗಡಿಯವನು ಕೆಂಪು ಬಾಟ್ಲಿ ಹಾಕಿ ಅಂತಾನೆ, ನಮ್ ಭಾಮೈದ ನೀಲಿದು ಹಾಕು ಅಂತಾನೆ. ನೀವ್ ಹೇಳಿ, ಯಾವ್ದು ಹಾಕ್ಸ್ಲಿ?” ಅಯ್ಯಾ ಪುಣ್ಯಾತ್ಮ, ನಿನ್ನ ಎಂಜಿನ್ನಿನ ಹೊಟ್ಟೆಯಲ್ಲಿ ಏನು ನಡೆದಿದೆ ಅಂತ ಹೋಳಿಗೆಗೆ ಕಾಯುತ್ತಾ ಕೂತ ನನಗೆ ಹೇಗೆ ಗೊತ್ತಾಗಬೇಕು? ಹಾಗಂತ ಹೇಳಿದರೆ ಈತನಿಗೇನೂ ಗೊತ್ತಿಲ್ಲ ಅಂದುಕೊಂಡು ಆ ಕಡೆ ಎಲೆಯವರ ಜೊತೆ ಮಾತಿಗಿಳಿಯುತ್ತಾರೆ.

ಇದೇ ಪ್ರಶ್ನೆಯನ್ನು ಮೇಡಂಗೆ ಕೇಳಿದವರಿಗೆ ಒಂದೇ ಉತ್ತರ ಸಿಗುತ್ತಿತ್ತು. “ಅದನ್ನ ನನ್ನ ಕೇಳಬ್ಯಾಡ್ರಿ. ಪಿಸ್ಟನ್ನ ಕೇಳ್ರಿ.”

ಮೇಡಂ ಹೋದ ತಿಂಗಳು ತೀರಿಕೊಂಡರು. ವೈಟ್‌ಫೀಲ್ಡಿನ ನಮ್ಮ ಲ್ಯಾಬಿನಲ್ಲಿ ಒಂದು ಸಂತಾಪ ಸಭೆ ಮಾಡಿದರು. ಪರದೆಯ ಮೇಲೆ ಅವರ ಫೋಟೋ, ಅದರ ಕೆಳಗೆ ದಕ್ಷತೆ, ಶಿಸ್ತು, ಸಮರ್ಪಣೆ ಅಂತ ಬರೆದ ಅಕ್ಷರ. ನನಗೆ ಮೈಯೆಲ್ಲ ಉರಿದುಹೋಯಿತು. ಈ ಮೂರು ಮಾತನ್ನು ಯಾರ ಫೋಟೋ ಕೆಳಗೆ ಬೇಕಾದರೂ ಅಂಟಿಸಬಹುದು. ಅವರು ಮಲ್ಲಿಗೆ ಹೂವಿನವಳ ಜೊತೆ ಜಗಳ ಆಡಿದ್ದನ್ನು ಒಬ್ಬರೂ ಹೇಳಲಿಲ್ಲ. ನಾನು ಅಂದೇ ಎದ್ದು ಹೇಳಬೇಕಿತ್ತು, ಹೇಳಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಮೊದಲು ಅವರ ಕೆಲಸ ಏನೆಂದು ಹೇಳಿಬಿಡಬೇಕು, ಏಕೆಂದರೆ ಅಂಥದ್ದೊಂದು ಕೆಲಸ ಇದೆಯೆಂದೇ ಬಹಳ ಜನಕ್ಕೆ ಗೊತ್ತಿಲ್ಲ. ಬರೀ ಎಣ್ಣೆ ಎಂಜಿನ್ನನ್ನು ಕಾಯುವುದಿಲ್ಲ. ಕೊಳೆ ತೊಳೆಯುವುದಕ್ಕೆ, ತೊಳೆದ ಕೊಳೆ ಮತ್ತೆ ಅಂಟದ ಹಾಗೆ ತೇಲಿಸುವುದಕ್ಕೆ, ಸವೆತ ತಡೆಯುವುದಕ್ಕೆ ಅಂತ ಅದಕ್ಕೆ ಏನೇನೋ ಬೆರೆಸಬೇಕು. ಅದೇ ಅಡಿಟಿವ್. ನನ್ನಂಥವರು ಒಬ್ಬೊಬ್ಬರು ಒಂದೊಂದು ಪಾಕ ಹೂಡುತ್ತೇವೆ. ಯಾವ ಪಾಕ ಒಳ್ಳೆಯದು ಅಂತ ಆರಿಸಲು, ಅದನ್ನು ಬೆರೆಸಿದ ಎಣ್ಣೆ ತುಂಬಿಸಿ, ನೆಲಮಾಳಿಗೆಯ ಟೆಸ್ಟ್ ಸೆಲ್ಲಿನಲ್ಲಿ ಒಂದು ಕಾರಿನ ಎಂಜಿನ್ನನ್ನು ವಾರಗಟ್ಟಲೆ ಹಗಲೂ ರಾತ್ರಿ ಓಡಿಸುತ್ತಾರೆ. ಆಮೇಲೆ ಎಂಜಿನ್ ಬಿಚ್ಚಿ ಪಿಸ್ಟನ್ನುಗಳನ್ನು ಹೊರತೆಗೆಯುತ್ತಾರೆ. ಒಗ್ಗರಣೆ ಸೌಟಿನ ತಳಕ್ಕೆ ಕಂದು ಬಣ್ಣದ ಪೊರೆ ಹಿಡಿದಿರುತ್ತದಲ್ಲ, ಎಷ್ಟು ತಿಕ್ಕಿದರೂ ಹೋಗದ್ದು, ಅಂಥದ್ದೇ ಪಿಸ್ಟನ್ನಿನ ಮೈಗೂ ಹಿಡಿದಿರುತ್ತದೆ. ಅದು ಎಷ್ಟು ಹಿಡಿದಿದೆ, ಎಷ್ಟು ಕಪ್ಪಾಗಿದೆ ಅಂತ ನೋಡಿ ಮಾರ್ಕು ಹಾಕಬೇಕು. ಹೊಸ ಪಿಸ್ಟನ್ ಇದ್ದ ಹಾಗಿದ್ದರೆ ಹತ್ತಕ್ಕೆ ಹತ್ತು, ಇದ್ದಿಲಿನ ಹಾಗಿದ್ದರೆ ಸೊನ್ನೆ. ಆ ಮಾರ್ಕು ಹಾಕುವುದು ಇವತ್ತಿಗೂ ನಮ್ಮಲ್ಲಿ ಮನುಷ್ಯರ ಕಣ್ಣು. ನಮ್ಮ ಲ್ಯಾಬಿನಲ್ಲಿ ಆ ಕಣ್ಣು ಮೇಡಂ ಅವರದು.

ಅವರು ರಾಣೇಬೆನ್ನೂರು ಕಡೆಯವರು. ಹೂಡಿಯಲ್ಲಿ ಒಂದು ಫ್ಲ್ಯಾಟಿನಲ್ಲಿ ಒಬ್ಬರೇ ಇದ್ದರು. ಬೆಳಿಗ್ಗೆ ಲಿಂಗಪೂಜೆ ಮುಗಿಸದೆ ಬಾಯಿಗೆ ನೀರೂ ಹಾಕುತ್ತಿರಲಿಲ್ಲ. ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಊಟದ ಬುತ್ತಿ. ಬೆಂಗಳೂರಿಗೆ ಬಂದು ಎಷ್ಟೋ ಕಾಲವಾಗಿದ್ದರೂ ಊರ ಮಾತು ಬಿಟ್ಟಿರಲಿಲ್ಲ. ಅಂದಹಾಗೆ ಅವರಿಗೆ ಕಾರು ಇರಲಿಲ್ಲ, ಓಡಿಸುವುದಕ್ಕೂ ಬರುತ್ತಿರಲಿಲ್ಲ. ಎಂಜಿನ್ನಿನ ಒಳಗೆಲ್ಲ ಓಡಾಡಿದ ಹೆಂಗಸು ಜೀವಮಾನದಲ್ಲಿ ಒಮ್ಮೆಯೂ ಸ್ಟೇರಿಂಗ್ ಹಿಡಿಯಲಿಲ್ಲ. ನಾವು ಅದನ್ನು ಹೇಳಿ ನಕ್ಕರೆ, “ಹೊಟ್ಟಿ ನೋಡೋ ಡಾಕ್ಟರು ಅಡಿಗಿ ಮಾಡ್ಬೇಕಂತೇನೈತಿ?” ಅನ್ನುತ್ತಿದ್ದರು.

ಮಾರ್ಕು ಹಾಕುವ ದಿನ ಅವರು ಬೂದಿ ಬಣ್ಣದ ಸೀರೆ ಉಡುತ್ತಿದ್ದರು. ಬಳೆ ತೆಗೆದಿಡುತ್ತಿದ್ದರು. ನಾನು ಹೊಸದಾಗಿ ಸೇರಿದಾಗ, ಪಾಪ, ಇವತ್ತೇನೋ ಇವರ ಮನೆಯಲ್ಲಿ ತಿಥಿ ಇರಬೇಕು ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಕೆಂಪು ಸೀರೆ ಉಟ್ಟರೆ ಆ ಕೆಂಪು ಹೊಳೆಯುವ ಲೋಹದ ಮೇಲೆ ಬಿದ್ದು ಬಣ್ಣ ಕೆಡುತ್ತದಂತೆ. ಮಾರ್ಕು ಹಾಕುವ ಕೋಣೆಗೆ ಯಾರೇ ಹೋಗಲಿ ಬಾಗಿಲಲ್ಲಿ ತೂಗುಹಾಕಿದ್ದ ಬೂದು ಕೋಟು ತೊಟ್ಟೇ ಹೋಗಬೇಕು. ಒಮ್ಮೆ ಮೇಲಿನ ದೊಡ್ಡ ಸಾಹೇಬರೊಬ್ಬರು ಗಿಳಿಹಸಿರು ಶರ್ಟಿನಲ್ಲಿ ಬಂದರು. ಕೋಟು ಅವರ ಹೊಟ್ಟೆಗೆ ಸಾಲಲಿಲ್ಲ, ಗುಂಡಿ ಹತ್ತಲಿಲ್ಲ. ಮೇಡಂ ನಯವಾಗಿಯೇ ಹೇಳಿದರು: “ಸರ್, ತಾವು ಬಾಗಿಲ ಹೊರಗ ನಿಂತ ನೋಡ್ರಿ. ನಿಮ್ಮ ಹೊಟ್ಟಿ ನನ್ನ ಪಿಸ್ಟನ್ ಮ್ಯಾಲೆ ಕಾಣಸ್ತೈತಿ.” ನಮ್ಮ ಮ್ಯಾನೇಜರ ಮುಖ ನೋಡಬೇಕಿತ್ತು! ಸಾಹೇಬರು ಮಾತ್ರ ಒಳ್ಳೆಯವರು, ನಗುತ್ತಾ ಹೊರಗೇ ನಿಂತರು.

ಒಳಗೆ ಹೋಗುವ ಮುಂಚೆ ಕಾರಿಡಾರಿನ ಕೊನೆಯ ಬೆಂಚಿನ ಮೇಲೆ ಕಣ್ಣು ಮುಚ್ಚಿ ಸುಮ್ಮನೆ ಕೂರುತ್ತಿದ್ದರು. ಹೊಸದಾಗಿ ಬಂದ ಎಚ್ಆರ್ ಹುಡುಗಿ, ಇವರು ಕೆಲಸದ ಹೊತ್ತಿನಲ್ಲಿ ನಿದ್ದೆ ಹೊಡೆಯುತ್ತಾರೆ ಅಂತ ದೂರು ಕೊಟ್ಟಿದ್ದಳು. ಕರೆಸಿ ಕೇಳಿದರೆ ಮೇಡಂಗೆ ಕೋಪವೇ ಬರಲಿಲ್ಲ. “ಬಿಸಲಾಗಿಂದ ಬಂದ ಕಣ್ಣಿಗೆ ಮನಿ ಒಳಗ ಏನು ಕಾಣ್ತೈತವ್ವಾ? ಅದಕ್ಕ ಸ್ವಲ್ಪ ಸಮಾಧಾನ ಮಾಡಿ ಕರ್ಕೊಂಡ ಹೋಗ್ತೀನಿ,” ಅಂದರು, ಕಣ್ಣು ಅಂದರೆ ಕೈಹಿಡಿದು ನಡೆಸಬೇಕಾದ ಮಗುವೋ ಏನೋ ಅನ್ನುವ ಹಾಗೆ.

ಪಿಸ್ಟನ್ನುಗಳು ಅವರ ಕೋಣೆಗೆ ಬರುವಾಗ ಹೆಸರು ಇರುತ್ತಿರಲಿಲ್ಲ, ಒಂದು ಗುರುತು ಮಾತ್ರ. ಯಾವುದು ಯಾರ ಪಾಕ ಅಂತ ಅವರಿಗೆ ಗೊತ್ತಾಗಬಾರದು. ಅದು ಲ್ಯಾಬಿನ ನಿಯಮ. ಮೇಡಂ ಅದಕ್ಕೂ ಒಂದು ಹೆಜ್ಜೆ ಮುಂದೆ. ನಮ್ಮ ಪಿಸ್ಟನ್ನುಗಳು ಬರುವ ವಾರ ನಮ್ಮ ಜೊತೆ ಊಟಕ್ಕೆ ಕೂರುತ್ತಿರಲಿಲ್ಲ. ಅಕೌಂಟ್ಸಿನ ಹೆಂಗಸರ ಜೊತೆ ಕೂತು ಧಾರಾವಾಹಿಯ ಅತ್ತೆ ಸೊಸೆ ಕಥೆ ಕೇಳುತ್ತಿದ್ದರು. “ನಿಮ್ಮ ಮಾರಿ ನೋಡಿದ್ರ ನಂಗ ತಿಳಿದು ಹೋಗ್ತೈತಪಾ. ಹಡದವರ ಮಾರಿ ನೋಡಿ ಕೂಸಿಗೆ ಮಾರ್ಕು ಹಾಕಬಾರದು,” ಅನ್ನುತ್ತಿದ್ದರು.

ಆಯುಧಪೂಜೆಯ ಕಥೆ ಹೇಳದಿದ್ದರೆ ಅವರ ಚಿತ್ರ ಪೂರ್ತಿಯಾಗುವುದಿಲ್ಲ. ಟೆಸ್ಟ್ ಸೆಲ್ಲಿನಲ್ಲಿ ಎಂಜಿನ್ ಓಡಿಸುತ್ತಿದ್ದವರು ನಂಜುಂಡಣ್ಣ. ಹೂಡಿಯ ಹಳೇ ಮನೆತನದವರು, ಈಗ ಟೆಕ್ ಪಾರ್ಕ್ ನಿಂತಿರುವ ಜಾಗದಲ್ಲಿ ಅವರ ಅಪ್ಪ ರಾಗಿ ಬೆಳೆಯುತ್ತಿದ್ದರಂತೆ. ಬಹಳ ದೈವಭಕ್ತರು. ಒಂದು ವರ್ಷ ಹಬ್ಬದ ದಿನ ಎಲ್ಲ ಯಂತ್ರಗಳಿಗೂ ಅರಿಶಿನ ಕುಂಕುಮ ಇಡುತ್ತಾ ಬಂದವರು, ಮಾರ್ಕಿಗಾಗಿ ಬಿಚ್ಚಿ ಸಾಲಾಗಿ ಇಟ್ಟಿದ್ದ ಪಿಸ್ಟನ್ನುಗಳಿಗೂ ಒಂದೊಂದು ಬೊಟ್ಟು ಇಟ್ಟುಬಿಟ್ಟರು! ಒರೆಸಿದರೆ ಅದರ ಜೊತೆ ಪೊರೆಯೂ ಬರುತ್ತದೆ, ಒರೆಸದಿದ್ದರೆ ಬಣ್ಣ ತಪ್ಪಾಗಿ ಕಾಣುತ್ತದೆ. ವಾರಗಟ್ಟಲೆ ಓಡಿದ ಎಂಜಿನ್ನು ಗೋವಿಂದ. ಮ್ಯಾನೇಜರು ಕೂಗಾಡಿದರು. ನಂಜುಂಡಣ್ಣ ಕೈಕೈ ಹಿಸುಕಿಕೊಳ್ಳುತ್ತಾ, “ಎಲ್ಲಾಕೂ ಇಕ್ಕಿ ಇವುಕ್ಕೆ ಇಕ್ಕಲಿಲ್ಲ ಅಂದ್ರೆ ಎಂಗೆ ಸಾ? ಪಾಪ, ಅಷ್ಟು ದಿನ ಬೆಂಕೀಲಿ ಬೆಂದಿರೋವು,” ಅಂದರು. ಮೇಡಂ ನಕ್ಕುಬಿಟ್ಟರು. ಟೆಸ್ಟ್ ಮತ್ತೆ ಮೊದಲಿಂದ ಓಡಿಸಿ ಅಂದರು, ಅಷ್ಟೆ. ಮುಂದಿನ ವರ್ಷದಿಂದ ಹಬ್ಬದ ಹಿಂದಿನ ದಿನವೇ ಒಂದು ಗುಜರಿ ಪಿಸ್ಟನ್ನನ್ನು ತಿಕ್ಕಿ ತೊಳೆದು ತಮ್ಮ ಬಾಗಿಲ ಹೊರಗೆ ಸ್ಟೂಲಿನ ಮೇಲೆ ಇಡತೊಡಗಿದರು. “ನಂಜುಂಡಣ್ಣ, ಇದು ಉತ್ಸವಮೂರ್ತಿ. ಎಷ್ಟ ಬೇಕಾದ್ರೂ ಪೂಜಿ ಮಾಡ್ರಿ. ಒಳಗಿನ ಮೂಲದೇವರ ತಂಟೆಗೆ ಬರಬ್ಯಾಡ್ರಿ.” ನಂಜುಂಡಣ್ಣ ಆ ಸ್ಟೂಲಿನ ಮುಂದೆ ಕುಂಬಳಕಾಯಿಯನ್ನೂ ಒಡೆಯುತ್ತಿದ್ದರು.

ಇನ್ನು ನನ್ನ ಪಾಕದ ಕಥೆ. ಒಂದು ಕಾರಿನ ಎಣ್ಣೆಗೆ ಅಡಿಟಿವ್ ಆರಿಸಬೇಕಿತ್ತು. ಮೂರು ಪಾಕಗಳು ಕಣದಲ್ಲಿದ್ದವು, ಅದರಲ್ಲಿ ಒಂದು ನನ್ನದು. ವರ್ಷಗಟ್ಟಲೆ ಅದಕ್ಕೇ ಅಂಟಿಕೊಂಡಿದ್ದೆ. ಲಗ್ಗೆರೆಯಿಂದ ವೈಟ್‌ಫೀಲ್ಡಿಗೆ ಬರುವ ದಾರಿಯುದ್ದಕ್ಕೂ ಮೆಟ್ರೋದಲ್ಲಿ ನಿಂತುಕೊಂಡೇ ಅದರದೇ ಲೆಕ್ಕ. “ಆ ಎಣ್ಣೇನೇ ಕಟ್ಕೊಬೇಕಿತ್ತು ನೀವು,” ಅಂತ ಹೆಂಡತಿ ಬೈಯುತ್ತಿದ್ದಳು. ಅದು ಆರಿಸಿಬಂದರೆ ನನ್ನ ಹೆಸರಿಗೆ ಒಂದು ಅರ್ಥ. ಬರದಿದ್ದರೆ ಅಷ್ಟು ವರ್ಷ ನಾನು ಮಾಡಿದ್ದು ಕಪಾಟಿನಲ್ಲಿ ಒಂದು ಬಾಟಲಿ.

ಮೇಡಂ ಮಾರ್ಕು ಹಾಕಿದರು. ಗುರುತುಗಳನ್ನು ಬಿಚ್ಚಿ ನೋಡಿದಾಗ ನನ್ನದು ಫೇಲು. ಸ್ವಲ್ಪದರಲ್ಲೇ ಫೇಲು, ಅದು ಇನ್ನೂ ಉರಿ. ಪಿಸ್ಟನ್ನಿನ ಪಕ್ಕೆಯ ಮೇಲೆ ಹಳದಿ ಪೊರೆ ಜಾಸ್ತಿ ಅಂತ. ನಾನೂ ನೋಡಿದೆ, ನನಗೇನೂ ಅಷ್ಟು ಹಳದಿ ಕಾಣಲಿಲ್ಲ. ಹೆತ್ತ ಕಣ್ಣು, ಕಾಣುವುದಾದರೂ ಹೇಗೆ! ಆದರೂ ಮೇಡಂ ಮಾರ್ಕನ್ನು ಪ್ರಶ್ನೆ ಮಾಡುವ ಧೈರ್ಯ ಆ ಲ್ಯಾಬಿನಲ್ಲಿ ಯಾರಿಗೂ ಇರಲಿಲ್ಲ, ನನಗೂ ಇರಲಿಲ್ಲ.

ಒಂದೆರಡು ವಾರ ಕಳೆದಿರಬೇಕು. ಗೆದ್ದ ಪಾಕದ ಹೆಸರನ್ನು ಇನ್ನೇನು ಮೇಲಕ್ಕೆ ಕಳಿಸಬೇಕು. ನಾನು ಮ್ಯಾನೇಜರ ಎದುರು ಕೂತು, ಎಂಜಿನ್ ಓಡಿಸುವಾಗಲೇ ಏನೋ ಎಡವಟ್ಟಾಗಿರಬೇಕು, ಇನ್ನೊಂದು ಸಲ ಓಡಿಸಿ ಸಾರ್ ಅಂತ ಗೋಗರೆಯುತ್ತಿದ್ದೆ. ಅಷ್ಟರಲ್ಲಿ ಮೇಡಂ ಬಾಗಿಲು ತಳ್ಳಿಕೊಂಡು ಬಂದರು. ನನ್ನನ್ನು ನೋಡಿ, “ನೀನೂ ಇದ್ದೆಲ್ಲ, ಚಲೋ ಆತು,” ಅಂದರು. ನಿಂತೇ ಮಾತಾಡಿದರು.

“ಸರ್, ನಾನು ಈ ಸಲ ಹಾಕಿದ ಮಾರ್ಕು ನಂಬಬ್ಯಾಡ್ರಿ.”

ಮ್ಯಾನೇಜರು ಪೆನ್ನು ಕೆಳಗಿಟ್ಟರು. “ಏನ್ ಮೇಡಂ ಹಾಗಂದ್ರೆ?”

ಆಗ ಮೇಡಂ ಹೇಳಿದ್ದು ಇದು. ಪೂಜೆಗೆ ಹೂ ಕೊಡುವವಳು ಹಳದಿ ತಿರುಗಿದ ಹಳೇ ಮಲ್ಲಿಗೆ ಕೊಡುತ್ತಿದ್ದಾಳೆ ಅಂತ ಅವಳ ಜೊತೆ ಜಗಳ ಆಡಿದ್ದರು. “ಇವತ್ತಿಂದೇ ಕಣಮ್ಮಾ, ಕಣ್ ಬಿಟ್ಟು ನೋಡು!” ಅಂತ ಅವಳೂ ಬಾಯಿ ಮಾಡಿದ್ದಳು. ಮಾರನೆಯ ದಿನ ಹಾಲಿನ ಅಂಗಡಿಯವನ ಜೊತೆ, ಹಾಲು ಯಾಕೆ ಹಳದಿ ಇದೆ ಅಂತ. ಆಮೇಲೆ ಊರಿನಿಂದ ತಂಗಿ ಕಳಿಸಿದ ವಿಭೂತಿ ಕೆನೆ ಬಣ್ಣಕ್ಕಿದೆ, ಕಲಬೆರಕೆ ತಂದು ಕಳಿಸಿದ್ದೀಯಾ ಅಂತ ಫೋನಿನಲ್ಲಿ ಅವಳಿಗೂ ಬೈದಿದ್ದರು.

“ಬೈದು ಫೋನು ಇಟ್ಟೆ ನೋಡ್ರಿ, ಕೈ ತಣ್ಣಗಾತು. ಹೂವಿನಾಕಿ, ಹಾಲಿನಾಂವ, ನನ್ನ ತಂಗಿ, ಮೂರೂ ಮಂದಿ ಒಮ್ಮೆಗೇ ಮೋಸ ಮಾಡ್ತಾರೇನು? ಮೂವರನ್ನೂ ನೋಡಿದ್ದು ಒಂದೇ ಕಣ್ಣು. ಡಾಕ್ಟರ ಹತ್ರ ಹೋದೆ. ಎರಡೂ ಕಣ್ಣಿಗೆ ಪೊರಿ ಬಂದೈತಿ. ಬೆಳ್ಳಂದೆಲ್ಲ ಹಳದಿ ಕಾಣ್ತೈತಂತ.” ಆಮೇಲೆ ನನ್ನ ಕಡೆ ತಿರುಗಿದರು. “ನಿನ್ನ ಪಿಸ್ಟನ್ ನಾನು ಹಳದಿ ಅಂದೆ. ಮಲ್ಲಿಗೀನೂ ಹಳದಿ ಅಂದೀನಿ. ಇನ್ನ ನಂದು ಹೆಂಗ ನಂಬತಿ?”

ಮ್ಯಾನೇಜರು ಎದ್ದು ಬಾಗಿಲು ಹಾಕಿದರು. ದನಿ ಇಳಿಸಿ, “ಮೇಡಂ, ಪ್ಲೀಸ್, ಇದನ್ನ ಇಲ್ಲಿಗೇ ಬಿಟ್ಬಿಡಿ. ಇಷ್ಟು ವರ್ಷ ನೀವ್ ಹಾಕಿದ ಮಾರ್ಕಿಗೆ ಒಬ್ಬರು ಎದುರಾಡಿಲ್ಲ. ಈಗ ಇದು ಹೊರಗೆ ಹೋದ್ರೆ ನಿಮ್ ಹೆಸರು ಏನಾಗುತ್ತೆ?” ಅಂದರು.

“ಹೆಸರು ಹೋದ್ರ ಹೋಗ್ಲಿ ಬಿಡ್ರಿ. ತಪ್ಪು ಎಣ್ಣಿ ಮಂದಿ ಗಾಡಿ ಒಳಗ ಹೋಗಬಾರದು. ಚೆನ್ನೈನಾಗ ಒಬ್ರು ಮಾರ್ಕು ಹಾಕೋರು ಇದ್ದಾರ. ಅವರನ್ನ ಕರಸ್ರಿ. ನಾನು ಏನು ಹಾಕಿದ್ದೆ ಅಂತ ಹೇಳಬ್ಯಾಡ್ರಿ.”

ನಾನು ಅಲ್ಲಿ ಕೂತೇ ಇದ್ದೆ. ನನ್ನ ಎದೆಯಲ್ಲಿ ಆಗ ಏನಾಗುತ್ತಿತ್ತು ಅಂತ ಮುಚ್ಚಿಟ್ಟು ಪ್ರಯೋಜನವಿಲ್ಲ. ನನಗೆ ಖುಷಿಯೋ ಖುಷಿ. ಹಾಗಾದರೆ ನನ್ನದು ಹಳದಿಯಲ್ಲ! ಹಾಗಾದರೆ ಪಾಸು! ಜೊತೆಗೆ ನಾಚಿಕೆಯೂ ಆಯಿತು, ಏಕೆಂದರೆ ನಾನು ಕೇಳಲು ಹೆದರಿದ್ದನ್ನು ಅವರು ತಾವಾಗಿಯೇ ತಂದು ನನ್ನ ಕೈಗಿಟ್ಟಿದ್ದರು. ಕೊಟ್ಟಿದ್ದಾದರೂ ಏನನ್ನು? ತಮ್ಮ ಕಣ್ಣನ್ನು. ಆ ಹೆಂಗಸಿಗೆ ಇದ್ದ ಆಸ್ತಿಯೇ ಅದು. ಅವರು ಸುಮ್ಮನಿದ್ದಿದ್ದರೆ ಇಡೀ ಲೋಕದಲ್ಲಿ ಒಬ್ಬರಿಗೂ ಗೊತ್ತಾಗುತ್ತಿರಲಿಲ್ಲ. ಆಪರೇಷನ್ ಮಾಡಿಸಿಕೊಂಡು ಬಂದು ಮೊದಲಿನ ಹಾಗೆ ಬೂದಿ ಸೀರೆಯುಟ್ಟು ಕೂರಬಹುದಿತ್ತು. ನಾನಾಗಿದ್ದರೆ ಹಾಗೇ ಮಾಡುತ್ತಿದ್ದೆನೇನೋ.

ಹೂವಿನವಳ ಹತ್ತಿರ ಅಷ್ಟರಲ್ಲಾಗಲೇ ಹೋಗಿ ಬಂದಿದ್ದರಂತೆ. ತಪ್ಪಾಯಿತವ್ವಾ ಅಂದರಂತೆ. ಅವಳು ಗಾಬರಿಯಾಗಿ ಒಂದು ಮೊಳ ಜಾಸ್ತಿ ಕೊಟ್ಟಳಂತೆ.

ಚೆನ್ನೈನವರು ಬಂದರು. ಮೆಲುಮಾತಿನ ತೆಳ್ಳನೆಯ ಮನುಷ್ಯ. ಬೂದು ಕೋಟು ಅವರೇ ಕೇಳಿ ತೊಟ್ಟುಕೊಂಡರು. ಆ ದಿನ ಮೇಡಂ ಲ್ಯಾಬಿಗೇ ಬರಲಿಲ್ಲ. ತಮ್ಮ ಮುಖ ನೋಡಿ ಅವರಿಗೆ ಏನಾದರೂ ಹೊಳೆದರೆ ಅಂತ. ನಾನು ಕಾರಿಡಾರಿನಲ್ಲಿ ಶತಪಥ ಹಾಕುತ್ತಿದ್ದೆ. ನಂಜುಂಡಣ್ಣ ಕಾಫಿ ತಂದು ಕೈಗೆ ಕೊಟ್ಟು, “ಓಗ್ಲಿ ಬುಡಿ ಸಾ, ಎಂಗಾಯ್ತದೋ ಅಂಗಾಯ್ತದೆ. ಇಂಗೆ ಓಡಾಡುದ್ರೆ ಪಿಸ್ಟನ್ ಬೆಳ್ಳಗಾಯ್ತದಾ?” ಅಂದರು. ಸಂಜೆಗೆ ಮಾರ್ಕು ಹೊರಬಂತು.

ಮೂರೂ ಪಾಕಗಳಿಗೂ ಮೇಡಂ ಹಾಕಿದ್ದ ಮಾರ್ಕೇ. ಕೂದಲೆಳೆ ಅತ್ತಿತ್ತ ಇರಬಹುದು, ಅಷ್ಟೆ. ನನ್ನದು ಫೇಲು.

ನಾನು ಸೀದಾ ಪಾರ್ಕಿಂಗಿಗೆ ಹೋಗಿ ಬೈಕಿನ ಸಾಲಿನ ಹಿಂದೆ ನಿಂತುಕೊಂಡೆ. ಅಳು ಬಂತು, ಅತ್ತೆ. ಒಂದು ಕಡೆ ನನ್ನ ಕೂಸು ಎರಡು ಸಲ ಸತ್ತಿತ್ತು. ಇನ್ನೊಂದು ಕಡೆ ಈ ಹೆಂಗಸು ಪೊರೆ ಬಂದ ಕಣ್ಣಿನಲ್ಲೂ ಹೇಗೆ ಸರಿಯಾಗಿ ನೋಡಿದರಪ್ಪಾ ಅನ್ನುವ ಬೆರಗು. ಎರಡರಲ್ಲಿ ಯಾವುದಕ್ಕೆ ಅತ್ತೆ ಅಂತ ಈಗ ಕೇಳಿದರೆ ಹೇಳಲಾರೆ.

ಅದು ಹೇಗಾಯಿತು ಅಂತ ಆಮೇಲೆ ಅವರೇ ಹೇಳಿದರು. ಅವರು ಯಾವತ್ತೂ ಪಿಸ್ಟನ್ನನ್ನು ನೆನಪಿನ ಬಣ್ಣದಿಂದ ಅಳೆದವರಲ್ಲ. ಬಿಳಿಯಿಂದ ಕಪ್ಪಿನವರೆಗೆ ಬಣ್ಣಗಳಿರುವ ಒಂದು ಪಟ್ಟಿ ಇರುತ್ತದೆ, ಅದನ್ನು ಪಿಸ್ಟನ್ನಿನ ಪಕ್ಕ ಹಿಡಿದು, ಒಂದೊಂದು ಜಾಗಕ್ಕೂ ಹೋಲಿಸಿಯೇ ಮಾರ್ಕು. ಎಷ್ಟು ವರ್ಷ ಪಳಗಿದ್ದರೂ ಪಟ್ಟಿ ಬಿಟ್ಟವರಲ್ಲ. “ಪೊರಿ ಬಂದ ಕಣ್ಣಿಗೆ ಪಿಸ್ಟನ್ನೂ ಹಳದಿ, ಪಟ್ಟೀನೂ ಹಳದಿ. ಜೋಡಿಸಿ ನೋಡಿದ್ದಕ್ಕ ಬಚಾವಾದೆ.”

“ಮತ್ತೆ ಬನ್ನಿ ಮೇಡಂ ವಾಪಸ್ಸು, ನಿಮ್ದೇ ಸರಿ ಇತ್ತಲ್ಲ!” ಅಂತ ಮ್ಯಾನೇಜರು ಕುಣಿದಾಡಿದರು. ಅವರಿಗೇನು, ತಲೆನೋವು ಹೋಯಿತು.

“ಬಚಾವಾಗಿದ್ದು ಬ್ಯಾರೆ, ಸರಿ ಇದ್ದದ್ದು ಬ್ಯಾರೆ ಸರ್,” ಅಂದರು ಮೇಡಂ. ಆಪರೇಷನ್ ಆಗಿ, ಎರಡೂ ಕಣ್ಣು ಹದಕ್ಕೆ ಬಂದು, ಬೇರೆಯವರ ಎದುರು ಪರೀಕ್ಷೆ ಕೊಟ್ಟು ಪಾಸಾಗುವ ತನಕ ಒಂದು ಪಿಸ್ಟನ್ನಿಗೂ ಮಾರ್ಕು ಹಾಕುವುದಿಲ್ಲ ಅಂದರು. ನಿವೃತ್ತಿಗೆ ಹೆಚ್ಚು ಕಾಲ ಉಳಿದಿರಲಿಲ್ಲ. ಆ ಕುರ್ಚಿಗೆ ಅವರು ಮತ್ತೆ ಬರಲೇ ಇಲ್ಲ.

ಒಂದು ಕಣ್ಣಿನ ಆಪರೇಷನ್ ಮೊದಲು ಆಯಿತು, ಇನ್ನೊಂದಕ್ಕೆ ಕೆಲವು ವಾರ ಬಿಟ್ಟು ಬಾ ಅಂದಿದ್ದರು ಡಾಕ್ಟರು. ಆ ನಡುವೆ ಒಂದು ಮಧ್ಯಾಹ್ನ ಮೇಡಂ ಕಪ್ಪು ಕನ್ನಡಕ ಹಾಕಿಕೊಂಡು ಲ್ಯಾಬಿಗೆ ಬಂದರು. ಎಲ್ಲರನ್ನೂ ಮಾತಾಡಿಸಿ ಮುಗಿಸಿ ನನ್ನ ಹತ್ತಿರ ಬಂದು, “ನಿನ್ನ ಪಿಸ್ಟನ್ ಎಲ್ಲೈತಿ? ಇನ್ನೂ ಎಸದಿಲ್ಲಲ್ಲ? ತಗೊಂಡ ಬಾ,” ಅಂದರು.

ಎಸೆದಿರಲಿಲ್ಲ. ಎಣ್ಣೆಕಾಗದದಲ್ಲಿ ಸುತ್ತಿ ಕಪಾಟಿನಲ್ಲಿಟ್ಟಿದ್ದೆ. ತಂದೆ. ಇಬ್ಬರೂ ಬೂದು ಕೋಟು ತೊಟ್ಟು ಆ ಕೋಣೆಗೆ ಹೋದೆವು. ಮೇಡಂ ಕನ್ನಡಕ ತೆಗೆದರು. ಹಳೆಯ ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಹೊಸ ಕಣ್ಣಿನಿಂದ ನನ್ನ ಪಿಸ್ಟನ್ನನ್ನು ದೀಪದ ಕೆಳಗೆ ಮೆಲ್ಲಗೆ ತಿರುಗಿಸಿದರು. ಅವರ ಬಾಯಿ ಹಾಗೇ ತೆರೆದುಕೊಂಡಿತು.

“ಅಯ್ಯ ನನ ಶಿವನೇ! ಎಷ್ಟು ಬೆಳ್ಳಗೈತೋ ಇದು! ಬೆಳ್ಳಿ ಬಟ್ಟಲ ಆಗೇತಿ! ನಾನು ಇದನ್ನ ನೋಡಿರ್ಲೇ ಇಲ್ಲಲ್ಲೋ ತಮ್ಮಾ.”

ನನ್ನ ಎದೆ ಹೊಡೆದುಕೊಳ್ಳತೊಡಗಿತು. ಎರಡು ಸಲ ಫೇಲಾಗಿದೆ, ಗೆದ್ದ ಪಾಕ ಆಗಲೇ ಡಬ್ಬಿ ಸೇರಿದೆ, ಇನ್ನೇನೂ ಆಗುವುದಿಲ್ಲ ಅಂತ ಗೊತ್ತಿದ್ದರೂ ಹೊಡೆದುಕೊಂಡಿತು. ಆಸೆ ಎನ್ನುವುದು ಇಷ್ಟು ನಾಚಿಕೆಗೆಟ್ಟದ್ದು ಅಂತ ನನಗೆ ಅವತ್ತೇ ಗೊತ್ತಾಗಿದ್ದು. ಅವರು ಬಣ್ಣದ ಪಟ್ಟಿ ತೆಗೆದು ಪಕ್ಕಕ್ಕೆ ಹಿಡಿದರು. ಹೊಸ ಕಣ್ಣಿನಲ್ಲಿ ನೋಡಿದರು. ಅದನ್ನು ಮುಚ್ಚಿ ಹಳೆಯ ಕಣ್ಣಿನಲ್ಲಿ ನೋಡಿದರು. ಮತ್ತೆ ಹೊಸದರಲ್ಲಿ. ಅವಸರವೇ ಇಲ್ಲ. ಆ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಆಪರೇಷನ್ನಿನದೋ ಬೇರೆಯದೋ ನನಗೆ ತಿಳಿಯಲಿಲ್ಲ. ಕೊನೆಗೆ ಪಿಸ್ಟನ್ನನ್ನು ಎರಡೂ ಕೈಯಿಂದ ಎತ್ತಿ, ಮಗುವನ್ನು ತಾಯಿಗೆ ಕೊಡುವ ಹಾಗೆ ನನ್ನ ಕೈಗೆ ಕೊಟ್ಟರು.

“ಭಾಳ ಚೆಂದ ಐತಪಾ,” ಅಂದರು. “ಮಾರ್ಕು ಮಾತ್ರ ಅಷ್ಟ.”